ಬಿಲ್ಡರ್ ನಮ್ಮ ಮನೆಯವನಾದ ವರ್ಷ

ಮುಂಬಯಿಯ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹಳೆ ಕಟ್ಟಡ ಕೆಡವಿ ಬಿಲ್ಡರ್ ಕೈಯಲ್ಲಿ ಹೊಸದು ಕಟ್ಟಿಸುವ ರೀಡೆವಲಪ್‌ಮೆಂಟ್ ಮಾತು ಎದ್ದದ್ದೇ ತಡ, ಗಣಪತಿ ಮಂಟಪದ ಖರ್ಚು ಬಿಲ್ಡರ್ ಕಡೆಯವರದಾಯಿತು. ನವೆಂಬರಿನಲ್ಲಿ ನಾವು ಕನ್ನಡದವರು ಮಾಡುವ ರಾಜ್ಯೋತ್ಸವಕ್ಕೆ ಊಟ, ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಹೆಂಗಸರಿಗೆಲ್ಲ ಸ್ಟೀಲ್ ಡಬ್ಬಿ. ನಮ್ಮ ಜೊತೆ ಮಾತಾಡಲೆಂದೇ ಕುಂದಾಪುರ ಕಡೆಯ ಹುಡುಗನೊಬ್ಬನನ್ನು ಕಳಿಸಿದ್ದರು. ಒಳ್ಳೆಯ ಹುಡುಗ. ಎರಡನೇ ಮಹಡಿಯ ಅಜ್ಜರಿಗೆ ರಾತ್ರೋರಾತ್ರಿ ಆಂಬುಲೆನ್ಸ್ ತರಿಸಿದವನು ಅವನೇ. ಅವನ ಪ್ರೀತಿ ಸುಳ್ಳೆಂದು ನಾನು ಯಾವತ್ತೂ ಹೇಳಲಾರೆ.

ಆದರೆ ಕಂಪನಿಗೆ ಬೇಕಾಗಿದ್ದುದು ನಮ್ಮ ಒಪ್ಪಿಗೆ. ಮಹಾರಾಷ್ಟ್ರದಲ್ಲಿ 2019ರ ಜುಲೈನಿಂದ ಸೊಸೈಟಿಯ ಶೇ. 51 ಸದಸ್ಯರು ಒಪ್ಪಿದರೆ ಸಾಕು. ಮೊದಲು ಇದಕ್ಕಿಂತ ಹೆಚ್ಚು ಬೇಕಿತ್ತು. ಅಷ್ಟು ಸಹಿ ಬಿದ್ದ ಮೇಲೆ ಉಳಿದವರು ಬೇಡವೆಂದರೂ ಮನೆ ಖಾಲಿ ಮಾಡಲೇಬೇಕು. ಬಾಂಬೆ ಹೈಕೋರ್ಟ್ ಮತ್ತೆ ಮತ್ತೆ ಇದನ್ನೇ ಹೇಳಿದೆ. ಕರಾರು ರಿಜಿಸ್ಟರ್ ಆಯಿತೆಂದರೆ ನಮ್ಮ ಜಾಗದ ಮೇಲೆ ಎದ್ದ ಹೆಚ್ಚುವರಿ ಫ್ಲ್ಯಾಟುಗಳನ್ನು ಮಾರುವ ಹಕ್ಕೂ ಅವರದೇ. ಆ ಸ್ಟೀಲ್ ಡಬ್ಬಿಯ ಬೆಲೆ ಅಷ್ಟಿತ್ತು.

ವಿಶೇಷ ಸಭೆಯ ದಿನ ಸಹಕಾರ ಸಂಘಗಳ ರಿಜಿಸ್ಟ್ರಾರ್ ಕಚೇರಿಯ ಅಧಿಕಾರಿ ಬಂದಿದ್ದರು, ವಿಡಿಯೊ ನಡೆಯುತ್ತಿತ್ತು. ಹುಡುಗ ಹಿರಿಯರ ಕಾಲು ಮುಟ್ಟಿ ಕೂತ. ಮೂರನೇ ಮಹಡಿಯ ಅಕ್ಕ ಎದ್ದು ನಿಂತರು.

"ತಮ್ಮಾ, ನೀವು ಕೆಲಸ ಅರ್ಧಕ್ಕೆ ಬಿಟ್ಟರೆ ನಮಗೆ ಬ್ಯಾಂಕಿನಿಂದ ಹಣ ಸಿಗುವ ಹಾಗೆ ಯೋಜನೆಯ ಖರ್ಚಿನ ಶೇ. 20 ಬ್ಯಾಂಕ್ ಗ್ಯಾರಂಟಿ ಕೊಡಬೇಕಂತ ನಿಯಮದಲ್ಲೇ ಉಂಟಲ್ಲ, ನಿಮ್ಮ ಕಾಗದದಲ್ಲಿ ಅದು ಎಲ್ಲಿದೆ?"

"ಅಕ್ಕಾ, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ಅವನು ಸೋತ ಮುಖ ಮಾಡಿದ್ದೇ ತಡ, ಸಭೆ ಅಕ್ಕನ ಮೇಲೆ ಮುಗಿಬಿತ್ತು. "ಉಂಡ ಮನೆಗೆ ಎರಡು ಬಗೆಯಬಾರದು" ಎಂದರು ಪಕ್ಕದ ಮನೆಯವರು. ನನಗೆ ಮೈ ಉರಿಯಿತು. ಗ್ಯಾರಂಟಿ ಕೊಡಬೇಕಾದ ಕಂಪನಿಯನ್ನು ಬಿಟ್ಟು, ಕೇಳಿದ ಹೆಂಗಸನ್ನು ತಪ್ಪಿತಸ್ಥೆ ಮಾಡಿದ್ದೆವು. ಬಿಲ್ಡರ್ ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ. ಅವನ ಪರವಾಗಿ ನಾವೇ ಜಗಳಕ್ಕೆ ನಿಂತಿದ್ದೆವು.

ನಾನೆದ್ದು ಗೋರೆಗಾಂವ್‌ನ ಪತ್ರಾ ಚಾಳದ ಹೆಸರು ಹೇಳಿದೆ. ಅಲ್ಲಿನ 672 ಕುಟುಂಬಗಳ ರೀಡೆವಲಪ್‌ಮೆಂಟ್ ಕರಾರು ಆದದ್ದು 2008ರಲ್ಲಿ. ಹತ್ತು ವರ್ಷ ಕಳೆದರೂ ಮನೆ ಸಿಗಲಿಲ್ಲ, ಬೇರೆ ಕಡೆ ಇರಲು ಬಿಲ್ಡರ್ ಕೊಡುತ್ತಿದ್ದ ಬಾಡಿಗೆಯೂ ನಡುವೆ ನಿಂತುಹೋಯಿತು. ಮುಂಬಯಿಯಲ್ಲಿ ಈ ಕಥೆ ತಿಳಿಯದವರು ಕಡಿಮೆ, ಆದರೂ ಸಭೆಯಲ್ಲಿ ಅದನ್ನು ಎತ್ತಲು ಎಲ್ಲರಿಗೂ ಸಂಕೋಚ.

ಅಕ್ಕನ ಪ್ರಶ್ನೆಯನ್ನು ಇದ್ದ ಹಾಗೇ ನಡಾವಳಿಯಲ್ಲಿ ಬರೆಸಿದೆವು. ಗ್ಯಾರಂಟಿಯ ಬಗ್ಗೆ ಲಿಖಿತ ಉತ್ತರ ಬರುವ ತನಕ ಮತದಾನ ಬೇಡವೆಂದು ಠರಾವಾಯಿತು. ಕೈ ಎತ್ತಿದವರಲ್ಲಿ ಪಕ್ಕದ ಮನೆಯವರೂ ಇದ್ದರು.