ಬೂರುಗವೋ, ಹಾಲವಾಣವೋ

ಕೊಡಗಿನ ಮಕ್ಕಳಿಗೆ ಮರ ಗುರುತಿಸಲು ಕಲಿಸ ಹೊರಟರೆ ಮೊದಲ ತೊಡಕು ಎಲೆಯದೇ. ಶಾಲೆಯ ಗೋಡೆಯ ಮೇಲಿನ ಚಿತ್ರಪಟಗಳೆಲ್ಲ ಎಲೆಯಿಂದ ಶುರುವಾಗುತ್ತವೆ: ಮಾವಿನ ಎಲೆ, ಅರಳಿ ಎಲೆ, ಬೇವಿನ ಎಲೆ. ನಮ್ಮಲ್ಲಿ ಎಲೆ ಇರುವುದು ತಲೆಯೆತ್ತಿದರೂ ಸರಿಯಾಗಿ ಕಾಣದಷ್ಟು ಮೇಲೆ. ತೋಟದ ನೆರಳಿನ ಮರಗಳ ಕೆಳಗೊಂಬೆಗಳನ್ನು ಮರಗಸಿ, ಅಂದರೆ ನೆರಳು ಹದಗೊಳಿಸಲು ಕೊಂಬೆ ಸವರುವ ಕೆಲಸ, ಮಾಡುವಾಗ ಕಡಿದಿರುತ್ತಾರೆ. ದೇವರಕಾಡಿನ ಮರಗಳಂತೂ ಬೆಳಕಿಗಾಗಿ ಪೈಪೋಟಿಯಲ್ಲಿ ಏರಿ, ಮೊದಲ ಕೊಂಬೆ ಬಿಡುವಷ್ಟರಲ್ಲಿ ಶಾಲೆಯ ಹೆಂಚಿನ ಮಾಡನ್ನು ದಾಟಿರುತ್ತವೆ. ಕೈಗೆಟಕುವ ಎತ್ತರದಲ್ಲಿ ಕಾಂಡದ ತುಂಬ ಹಸಿರಾಗಿ ಕಾಣುವುದು ಕಾಳುಮೆಣಸಿನ ಬಳ್ಳಿ, ಜರಿಗಿಡ, ಪಾಚಿ. ‘ಈ ಮರದ ಎಲೆ ತಾ’ ಎಂದರೆ ಮಗು ಮೆಣಸಿನ ಎಲೆ ಕಿತ್ತು ತರುತ್ತದೆ. ಮಗುವಿನ ಕಣ್ಣಿನಲ್ಲಿ ದೋಷವಿಲ್ಲ. ನಾವು ಕೇಳುವ ಪ್ರಶ್ನೆಯೇ ಈ ಊರಿಗೆ ಒಗ್ಗುವುದಿಲ್ಲ.

ಪೊನ್ನಂಪೇಟೆ ಕಡೆಯ ನಮ್ಮ ಶಾಲೆಯ ಪಕ್ಕದಲ್ಲೇ ಕಾಫಿ ತೋಟ, ಅದರಾಚೆ ಸಣ್ಣ ದೇವರಕಾಡು. ಫೆಬ್ರುವರಿಯಲ್ಲಿ ಒಂದು ಬೆಳಗ್ಗೆ ಆರು, ಏಳನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಬುಡದಿಂದ ಮೇಲಕ್ಕೆ ಕಲಿಸಬೇಕೆಂಬುದು ನನ್ನ ನಿರ್ಧಾರವಾಗಿತ್ತು. ತೊಗಟೆ, ಬೇರಿನ ಬುಡ, ಹಾಲು ಅಥವಾ ಅಂಟು, ನೆಲದ ಮೇಲೆ ಬಿದ್ದಿರುವ ಹೂ, ಕಾಯಿ, ಒಣಗಿದ ಎಲೆ. ಇವನ್ನೆಲ್ಲ ಕೂಡಿಸಿಕೊಂಡ ಮೇಲೆಯೇ ಹೆಸರು. ಹೆಸರನ್ನು ಮೊದಲು ಹೇಳಿಬಿಟ್ಟರೆ ಮಕ್ಕಳು ಅಲ್ಲಿಗೇ ನೋಡುವುದನ್ನು ನಿಲ್ಲಿಸುತ್ತಾರೆ ಎಂಬುದನ್ನು ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ತೋಟದ ಗೇಟು ದಾಟುವ ಮುನ್ನ ಚೇರೆ ಮರದ ಪಾಠವಾಯಿತು. ಮಾವು, ಗೇರುಗಳ ಬಳಗಕ್ಕೇ ಸೇರಿದ ಈ ಮರದ ಸೊನೆ ಮೈಗೆ ತಾಗಿದರೆ ಚರ್ಮ ಸುಟ್ಟಂತಾಗಿ ಬೊಬ್ಬೆ ಏಳುತ್ತದೆ. ಗಾಳಿಗೆ ಬಿದ್ದ ಸೊನೆ ಕಪ್ಪಾಗುವುದರಿಂದ ತೊಗಟೆಯ ಮೇಲೆ ಡಾಂಬರು ಇಳಿದ ಹಾಗೆ ಕರಿಗೆರೆಗಳು ಕಾಣುತ್ತವೆ. ಕರಿಗೆರೆ ಕಂಡ ಮರವನ್ನು ಮುಟ್ಟಬಾರದು, ಅದರ ಕೊಂಬೆ ಮುರಿಯಬಾರದು. ಬೇರೆ ಮರಗಳ ಪಾಠವನ್ನು ಮಕ್ಕಳು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬಾರದು. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಿಗೆ ಇದು ಮೊದಲೇ ಗೊತ್ತಿತ್ತು. ಪೇಟೆಯಿಂದ ವ್ಯಾನಿನಲ್ಲಿ ಬರುವವರಿಗೆ ಅವರೇ ವಿವರಿಸಿದರು.

ತೊಗಟೆಯ ಪಾಠ ಬೇಗ ಹತ್ತಿತು. ಮತ್ತಿಯ ತೊಗಟೆ ಚೌಕ ಚೌಕವಾಗಿ ಆಳಕ್ಕೆ ಬಿರಿದು ಮೊಸಳೆಯ ಬೆನ್ನಿನ ಹಾಗಿರುತ್ತದೆ. ಅದರ ಪಕ್ಕದಲ್ಲೇ ನಂದಿ: ನುಣುಪು, ಬಿಳಿಚು, ತೆಳುವಾದ ಹಾಳೆಗಳಾಗಿ ಸುಲಿದುಕೊಳ್ಳುವ ಮೈ. ಕಣ್ಣು ಮುಚ್ಚಿ ಅಂಗೈಯಿಂದ ಸವರಿದರೂ ಇವೆರಡರ ವ್ಯತ್ಯಾಸ ತಿಳಿಯುತ್ತದೆ. ಮಕ್ಕಳು ಕಾಗದವನ್ನು ತೊಗಟೆಗೆ ಒತ್ತಿ ಹಿಡಿದು ಮೇಣದ ಬಣ್ಣದ ಕಡ್ಡಿಯಿಂದ ಉಜ್ಜಿ ಅಚ್ಚು ತೆಗೆದರು. ಸಿಲ್ವರ್ ಓಕ್‌ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೀಳು ಸೀಳಾದ ಎಲೆಯನ್ನು ತಿರುಗಿಸಿ ಬೆಳ್ಳಿ ಬಣ್ಣದ ಹಿಂಬದಿ ನೋಡಿದರೆ ಮುಗಿಯಿತು. ಆಸ್ಟ್ರೇಲಿಯಾದಿಂದ ಬಂದ ಈ ಮರವೇ ಈಗ ಅನೇಕ ತೋಟಗಳಲ್ಲಿ ಸಾಲುಸಾಲಾಗಿ ನಿಂತಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ, ಮಾರುವುದೂ ಸುಲಭ. ಬೆಳೆಗಾರರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಹೊನ್ನೆ, ಬೀಟೆ, ಮತ್ತಿ, ಅತ್ತಿಗಳನ್ನು ಬೇರೆ ಬೇರೆಯಾಗಿ ಕಾಣಲು ಬಾರದ ಮಗು ನಾಳೆ ತೋಟದ ಒಡೆಯನಾದಾಗ ಅವನ್ನು ಉಳಿಸಿಕೊಳ್ಳಲು ಕಾರಣವನ್ನಾದರೂ ಎಲ್ಲಿ ಹುಡುಕೀತು? ಈ ಪಾಠಕ್ಕಾಗಿ ನಾನು ಹಟ ಹಿಡಿಯುವುದು ಅದಕ್ಕೇ.

ಆ ದಿನದ ನಿಜವಾದ ಪಾಠ ನಡೆದದ್ದು ತೋಟದ ಅಂಚಿನಲ್ಲಿ. ಅಲ್ಲಿ ಎರಡು ಮರಗಳು ಒಂದೂ ಎಲೆಯಿಲ್ಲದೆ ಕೆಂಪು ಹೂ ಹೊತ್ತು ನಿಂತಿದ್ದವು. ಒಬ್ಬಳು ಹುಡುಗಿ ಖಚಿತವಾಗಿ ಹೇಳಿದಳು: “ಎರಡಕ್ಕೂ ಕೆಂಪು ಹೂ, ಎರಡಕ್ಕೂ ಮುಳ್ಳು, ಎರಡರಲ್ಲೂ ಎಲೆ ಇಲ್ಲ. ಎರಡೂ ಒಂದೇ ಜಾತಿ, ಟೀಚರ್.” ಲಕ್ಷಣಗಳನ್ನು ನೋಡಿ, ಹೋಲಿಸಿ, ತೀರ್ಮಾನಕ್ಕೆ ಬಂದಿದ್ದಳು. ಅವಳನ್ನು ತಿದ್ದಲು ನಾನು ಹೋಗಲಿಲ್ಲ. “ಹಾಗಾದರೆ ಕೆಳಗೆ ಬಿದ್ದಿರುವುದೂ ಒಂದೇ ಥರ ಇರಬೇಕಲ್ಲ, ಹುಡುಕಿ” ಎಂದೆ.

ಮಕ್ಕಳು ನೆಲಕ್ಕೆ ಕುಳಿತರು. ಒಂದರ ಕೆಳಗೆ ಸಿಕ್ಕಿದ್ದು ಅಂಗೈ ತುಂಬುವ ಹೂ: ದಪ್ಪನೆಯ ಐದು ಎಸಳು, ನಡುವೆ ಕೇಸರಗಳ ಗೊಂಚಲು. ಇನ್ನೊಂದರದು ಅವರೆಯ ಬಳಗದ ಹೂ: ಒಂದು ಎಸಳು ಮಾತ್ರ ದೊಡ್ಡದಾಗಿ ಚಾಚಿಕೊಂಡಿತ್ತು, ಉಳಿದವು ಪುಟ್ಟವು. ತರಗೆಲೆ ಕೆದಕಿದಾಗ ಮೊದಲನೆಯದರ ಕೆಳಗೆ ಒಂದೇ ತೊಟ್ಟಿನ ತುದಿಯಿಂದ ಬೆರಳುಗಳಂತೆ ಹರಡಿದ ಎಲೆ ಸಿಕ್ಕಿತು. ಎರಡನೆಯದರ ಬುಡದಲ್ಲಿ ಒಂದು ಎಳೆಯ ಗಿಡವಿತ್ತು, ಅದರಲ್ಲಿ ಮೂರು ಮೂರಾಗಿ ಎಲೆ. “ಮೂರು ಎಲೆ” ಎಂದ ಒಬ್ಬ. “ಅಲ್ಲ, ಮೂರು ಭಾಗಗಳ ಒಂದೇ ಎಲೆ” ಎಂದೆ. ನಂಬಲಿಲ್ಲ. ಎಲೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ಮೊಗ್ಗನ್ನು ಹುಡುಕಬೇಕು. ಎಲೆಯ ತೊಟ್ಟು ಕೊಂಬೆಗೆ ಸೇರುವ ಸಂದಿನಲ್ಲಿ ಮೊಗ್ಗು ಇರುತ್ತದೆ. ಎಲೆಯ ಭಾಗವಾದ ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಅವನು ಬಗ್ಗಿ ಮೂರೂ ಕಿರುಎಲೆಗಳ ಬುಡವನ್ನು ನೋಡಿದ, ಆಮೇಲೆ ಉದ್ದ ತೊಟ್ಟಿನ ಬುಡವನ್ನು ನೋಡಿದ. “ಇಲ್ಲಿದೆ!” ಎಂದು ಅವನು ಕೂಗಿದ್ದು ತೋಟದಾಚೆಗೂ ಕೇಳಿಸಿರಬೇಕು.

ಆಗ ಇನ್ನೊಬ್ಬ ಹೊಸ ತಕರಾರು ತೆಗೆದ. ಸಾಲಿನ ಕೊನೆಯಲ್ಲಿದ್ದ ಭಾರಿ ಮರದ ಬುಡದಲ್ಲೂ ಅದೇ ಐದೆಸಳಿನ ಹೂಗಳಿದ್ದವು, ಕಾಂಡದಲ್ಲಿ ಮಾತ್ರ ಮುಳ್ಳಿರಲಿಲ್ಲ. ಹಾಗಾದರೆ ಮುಳ್ಳು ಲಕ್ಷಣವೇ ಅಲ್ಲವೇ? ಇದಕ್ಕೆ ಉತ್ತರ ಕೊಟ್ಟವರು ಅಷ್ಟು ಹೊತ್ತು ದೂರದಿಂದ ನಮ್ಮನ್ನು ನೋಡುತ್ತಿದ್ದ, ವರ್ಷಗಳಿಂದ ಮರಗಸಿ ಮಾಡಿಕೊಂಡು ಬಂದಿರುವ ಅಜ್ಜ. “ಅದು ಮುದಿ ಬೂರುಗ, ಮಕ್ಕಳೇ. ವಯಸ್ಸಾದಂತೆ ಬುಡದ ಮುಳ್ಳು ಉದುರುತ್ತದೆ. ಮೇಲಿನ ಕೊಂಬೆ ನೋಡಿ, ಇನ್ನೂ ಇದೆ. ಈ ಮೂರೆಲೆಯದು ಹಾಲವಾಣ. ಇದರ ಮುಳ್ಳು ಸಣ್ಣದು, ಕಪ್ಪು. ಬೂರುಗದ ಮುಳ್ಳು ಬುಡದಲ್ಲಿ ಅಗಲ, ತುದಿ ಚೂಪು.” ಎರಡು ಮರಗಳ ಹೆಸರೂ ಆಗಲೇ ಮಕ್ಕಳ ಪುಸ್ತಕಕ್ಕೆ ಬಂದದ್ದು.

ಅಲ್ಲಿಂದ ಮುಂದೆ ಅಜ್ಜ ನಮ್ಮ ಜೊತೆಗೇ ಬಂದರು. ಹೊನ್ನೆಯ ಹಳೆಯ ಗಾಯದಲ್ಲಿ ರಕ್ತದ ಬಣ್ಣದ ಅಂಟು ಹೆಪ್ಪುಗಟ್ಟಿರುವುದನ್ನು ತೋರಿಸಿದರು. ಸುತ್ತಲೂ ರೆಕ್ಕೆ, ನಡುವೆ ಬೀಜ ಇರುವ ಅದರ ದುಂಡು ಕಾಯಿಗಳನ್ನು ಮಕ್ಕಳು ಆಯ್ದುಕೊಂಡರು. ದೇವರಕಾಡಿನ ಅಂಚಿನಲ್ಲಿ ಅವರು ಚಪ್ಪಲಿ ಬಿಟ್ಟರು, ಮಕ್ಕಳೂ ಬಿಟ್ಟರು. ಕೊಡಗಿನಲ್ಲಿ ಇಂಥ ದೇವರಕಾಡುಗಳು ಸಾವಿರಕ್ಕೂ ಹೆಚ್ಚಿವೆ. ಅಲ್ಲಿ ಕೊಡಲಿ ಆಡಿಸುವಂತಿಲ್ಲ, ನಾವಂತೂ ಒಂದು ಎಲೆಯನ್ನೂ ಕೀಳಲಿಲ್ಲ. ಬಿದ್ದದ್ದನ್ನು ನೋಡಿ ಅಲ್ಲೇ ಬಿಟ್ಟು ಬಂದೆವು.

ಹಾಲೆ ಮರದ ಎಳೆಯ ಗಿಡವೊಂದು ಅಲ್ಲಿ ಕಣ್ಣಿನ ಮಟ್ಟದಲ್ಲೇ ಸಿಕ್ಕಿತು. ಕೊಂಬೆಯ ಒಂದೇ ಗಿಣ್ಣಿನ ಸುತ್ತ ಐದಾರು ಎಲೆಗಳು ಚಕ್ರವಾಗಿ ಕೂತಿದ್ದವು. ಸುಳ್ಯ ಕಡೆಯ ಮನೆತನದ ಹುಡುಗಿಯೊಬ್ಬಳು, ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ತನ್ನ ಅಜ್ಜ ಬೆಳಕು ಹರಿಯುವ ಮುನ್ನ ಇದರ ತೊಗಟೆ ತಂದು ಕಷಾಯ ಮಾಡುತ್ತಾರೆ ಎಂದಳು. ಕತ್ತಲಲ್ಲಿ ಗುರುತು ಹೇಗೆ ಸಿಗುತ್ತದೆ ಎಂದು ಕೇಳಿದೆ. “ಹಿಂದಿನ ದಿನವೇ ಹೋಗಿ ನೋಡಿಟ್ಟು ಬರುತ್ತಾರೆ.” ಹಾಗೆ ನೋಡಿಡುವುದು ಎಷ್ಟು ಮುಖ್ಯ ಎಂದು ಆ ಮಕ್ಕಳಿಗೆ ಬಿಡಿಸಿ ಹೇಳಿದೆ. ಘಟ್ಟದ ಕೆಳಗೆ ಬೆಳೆಯುವ ಕಾಸರಕದ ತೊಗಟೆಯೂ ಕಹಿಯೇ, ಆದರೆ ಅದು ವಿಷ. ಕಾಸರಕದ ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಇರುತ್ತವೆ, ಬುಡದಿಂದಲೇ ಮೂರು ಅಥವಾ ಐದು ನರಗಳು ಹೊರಡುತ್ತವೆ, ಹಾಲು ಬರುವುದಿಲ್ಲ. ಹಾಲೆಯಲ್ಲಿ ಎಲೆಗಳ ಚಕ್ರವಿದೆ, ಬಿಳಿ ಹಾಲೂ ಇದೆ. ಎಲೆಗಳ ಜೋಡಣೆ ನೋಡುವುದು ಪರೀಕ್ಷೆಯ ಅಂಕಕ್ಕಾಗಿ ಮಾತ್ರ ಅಲ್ಲ ಎಂದು ಮಕ್ಕಳಿಗೆ ಆಗ ಮನದಟ್ಟಾಯಿತು.

ಶಾಲೆಗೆ ಮರಳಿದ ಮೇಲೆ ಮಕ್ಕಳು ಕೇಳಿದ್ದು ಒಂದೇ: ಅಜ್ಜ ಮತ್ತೆ ಯಾವಾಗ ಬರುತ್ತಾರೆ? ನನಗೂ ಅದೇ ಬೇಕಾಗಿದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಬೂರುಗ, ಹಾಲವಾಣ, ಮತ್ತಿಗಳೆಲ್ಲ ಚಿಗುರಿದಾಗ ಇದೇ ದಾರಿಯಲ್ಲಿ ಇನ್ನೊಮ್ಮೆ ನಡೆಯಬೇಕು. ಕೂಲಿ ಕೆಲಸ ಬಿಟ್ಟು ಬರುವವರನ್ನು ಬರಿಗೈಯಲ್ಲಿ ಕಳುಹಿಸಬಾರದು. ಅವರಿಗೆ ಆ ದಿನದ ಪೂರ್ತಿ ಕೂಲಿ ಕೊಟ್ಟು, ಪಾಠದ ವೇಳಾಪಟ್ಟಿಯಲ್ಲಿ ಅವರ ಹೆಸರನ್ನೇ ಬರೆಯಬೇಕೆಂದು ಶಾಲಾಭಿವೃದ್ಧಿ ಸಮಿತಿಯ ಮುಂದೆ ಕೇಳಿದ್ದೇನೆ.