ಮೂವತ್ತಕ್ಕೇ ಸಾಕು ಅಂದ ಕೋಫ್ಯಾಕ್ಸ್

18 ನವೆಂಬರ್ 2024, ಸೋಮವಾರ

ಇವತ್ತಿಗೆ ಸ್ಯಾಂಡಿ ಕೋಫ್ಯಾಕ್ಸ್ ರಿಟೈರ್ ಆಗಿ 58 ವರ್ಷ. ಇದ್ಯಾರಪ್ಪ ಅಂತ ಕೇಳೋರಿಗೆ, ಬೇಸ್‌ಬಾಲ್ ಪಿಚರ್ (ಕ್ರಿಕೆಟ್ಟಿನ ಬೌಲರ್ ಥರ ಬಾಲ್ ಎಸೆಯೋನು), ಎಡಗೈ, ಲಾಸ್ ಏಂಜಲೀಸ್ ಡಾಡ್ಜರ್ಸ್. ಹೋದ ತಿಂಗಳು ಬೆಳಗ್ಗೆ ಐದೂವರೆಗೇ ಎದ್ದು ಕೂತು ಡಾಡ್ಜರ್ಸ್-ಯಾಂಕೀಸ್ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್ ಫೈನಲ್) ನೋಡ್ತಿದ್ನಲ್ಲ, ಎರಡನೇ ಮ್ಯಾಚಲ್ಲಿ ಡಾಡ್ಜರ್ಸ್ ಸ್ಟಾರ್ ಓಟಾನಿ ಸೆಕೆಂಡ್ ಬೇಸ್ (ರನ್ನಿಗಾಗಿ ಓಡೋ ದಾರಿಯ ಎರಡನೇ ನಿಲ್ದಾಣ) ಕದಿಯೋಕೆ, ಅಂದ್ರೆ ಬಾಲ್ ಹೊಡೆಯದೇ ಇದ್ರೂ ಅಲ್ಲಿಗೆ ಓಡಿ ಸೇರ್ಕೊಳ್ಳೋಕೆ ಹೋಗಿ ಜಾರಿ ಎಡಭುಜ ಹಿಡ್ಕೊಂಡು ಬಿದ್ದುಬಿಟ್ಟ, ಆವತ್ತಿಂದ ನನ್ನ ತಲೇಲಿ ಕೋಫ್ಯಾಕ್ಸೇ ಓಡ್ತಿದಾನೆ. ಯಾಕಂದ್ರೆ ಅವನ ಕಥೆ ಕೆಟ್ಟಿದ್ದೂ ಸೆಕೆಂಡ್ ಬೇಸಲ್ಲೇ. 1964ರ ಆಗಸ್ಟ್, ಮಿಲ್ವಾಕಿ ಜೊತೆ ಮ್ಯಾಚು, ರನ್ನರ್ ಆಗಿ ನಿಂತಿದ್ದವನು ಔಟ್ ತಪ್ಪಿಸ್ಕೊಳ್ಳೋಕೆ ವಾಪಸ್ ಬೇಸಿಗೆ ಡೈವ್ ಹೊಡ್ದ, ಎಡಗೈ ನೆಲಕ್ಕೆ ಬಡೀತು. ಅದಾದ್ಮೇಲೂ ಎರಡು ಮ್ಯಾಚ್ ಗೆದ್ದ ಮಹಾರಾಯ! ಎರಡನೇದು ಗೆದ್ದ ಮಾರನೇ ಬೆಳಗ್ಗೆ ಎದ್ರೆ ಕೈ ನೇರ ಮಾಡೋಕೇ ಆಗ್ತಿಲ್ಲ, ಮೊಣಕೈ ಊದಿಕೊಂಡಿದೆ. ಟೀಮ್ ಡಾಕ್ಟರ್ ರಾಬರ್ಟ್ ಕರ್ಲನ್ ಹೇಳಿದ್ದು ಆರ್ಥ್ರೈಟಿಸ್ ಅಂತ. ವಯಸ್ಸು 28.

ಹೇಳ್ಬೇಕಾದ್ದು ಏನಂದ್ರೆ ಇವನು ಹುಟ್ಟುತ್ತಲೇ ಸ್ಟಾರ್ ಅಲ್ಲ. 1955ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರು ಮಾಡಿದ (ಡಾಡ್ಜರ್ಸ್ ಆಗ ಅಲ್ಲೇ ಇತ್ತು), ಮೊದಲ ಆರು ವರ್ಷದ ಲೆಕ್ಕ ತೆಗೆದ್ರೆ 36 ಗೆಲುವು, 40 ಸೋಲು. ವೇಗ ಇತ್ತು, ಬಾಲು ಎಲ್ಲಿಗೆ ಹೋಗುತ್ತೆ ಅನ್ನೋದು ಮಾತ್ರ ದೇವರಿಗೇ ಗೊತ್ತು. 1961ರಲ್ಲಿ ನಾರ್ಮ್ ಶೆರ್ರಿ ಅನ್ನೋ ಕ್ಯಾಚರ್ (ವಿಕೆಟ್ ಕೀಪರ್ ಥರ ಬಾಲ್ ಹಿಡಿಯೋನು), ಪ್ರಾಕ್ಟೀಸ್ ಮ್ಯಾಚಲ್ಲಿ, ಅಷ್ಟು ಜೋರಾಗಿ ಎಸೀಬೇಡ ಮಾರಾಯ, ಸ್ವಲ್ಪ ನಿಧಾನ ಮಾಡು ಅಂದ, ಅಲ್ಲಿಂದ ಆಸಾಮಿ ಬದಲಾದ. 1962ರಿಂದ 66ರವರೆಗೆ 111 ಗೆಲುವು, 34 ಸೋಲು. ಅಂದ್ರೆ ಒಳ್ಳೇ ದಿನ ಅಂತ ಸಿಕ್ಕಿದ್ದೇ ಐದು ವರ್ಷ, ಅದರಲ್ಲಿ ಕೊನೇ ಎರಡು ವರ್ಷ ಪೂರ್ತಿ ನೋವಲ್ಲೇ.

ಆ ಎರಡು ವರ್ಷದ ಬಗ್ಗೆ ಓದಿದಾಗೆಲ್ಲ ನಂಗೆ ಸಿಟ್ಟು ಬರುತ್ತೆ. 1965ರಲ್ಲಿ 335 ಇನ್ನಿಂಗ್ಸ್‌ಗೂ ಜಾಸ್ತಿ ಎಸೆದಿದಾನೆ, 382 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್ ಆಗೋದು). ಈಗಿನ ಪಿಚರ್‌ಗಳಲ್ಲಿ ಒಂದು ಸೀಸನ್‌ಗೆ 200 ಇನ್ನಿಂಗ್ಸ್ ದಾಟೋರು ಬೆರಳೆಣಿಕೆ. ಇದು ನಮ್ಮ ಬೌಲರ್ ಥರ ಒಂದು ಓವರ್ ಹಾಕಿ ಫೈನ್ ಲೆಗ್‌ಗೆ ಹೋಗಿ ಸುಧಾರಿಸಿಕೊಳ್ಳೋ ಆಟ ಅಲ್ಲ ಸ್ವಾಮಿ, ಎದುರು ಟೀಮಿನ ಮೂರು ಜನ ಔಟ್ ಆಗೋ ತನಕ ಒಬ್ಬನೇ ಎಸೀತಾ ಇರ್ಬೇಕು, ಅದು ಒಂದು ಇನ್ನಿಂಗ್ಸ್, ಹಂಗೆ ಒಂಬತ್ತು ಸಲ. ಇವನ ಮೊಣಕೈ ಒಳಗೆ ಕೀಲಿನ ಮೆತ್ತೆ ಸವೆದು ಹೋಗಿ ಮೂಳೆ ಬೆಳೆದಿದೆ, ಪ್ರತೀ ಕರ್ವ್‌ಬಾಲ್‌ಗೂ (ತಿರುಗಿಸಿ ಬಾಗೋ ಹಾಗೆ ಎಸೆಯೋ ಬಾಲು) ಅದು ಇನ್ನಷ್ಟು ಕೆರಳುತ್ತೆ, ನೀರು ತುಂಬಿ ಊದುತ್ತೆ. ಅದಕ್ಕೆ ಕಾರ್ಟಿಸೋನ್ ಇಂಜೆಕ್ಷನ್ನು, ಕೊಡೀನ್ ಮಾತ್ರೆ, ಅದು ಸಾಲದು ಅಂತ ಬ್ಯೂಟಜೋಲಿಡಿನ್, ರೇಸ್ ಕುದುರೆಗಳಿಗೂ ಕೊಡ್ತಿದ್ದ ಔಷಧಿ. ಮ್ಯಾಚಿಗೆ ಮುಂಚೆ ಕ್ಯಾಪ್ಸೊಲಿನ್ ಅಂತ ಮುಲಾಮು, ಮೆಣಸಿನಕಾಯಿ ಸತ್ವದ್ದು. ಬ್ಯಾಡಗಿ ಮೆಣಸಿನಕಾಯಿ ಬಿಡಿಸಿ ಕೈ ತೊಳೀದೆ ಕಣ್ಣುಜ್ಜಿಕೊಂಡವರಿಗೆ ಗೊತ್ತಿರುತ್ತೆ ಅದೆಂಥ ಉರಿ ಅಂತ. ಬೇರೆಯವರು ವ್ಯಾಸಲೀನ್ ಬೆರೆಸಿ ಹಚ್ಕೊಂಡ್ರೆ ಇವನು ಹಾಗೇ ಬಳ್ಕೊಳ್ತಿದ್ದ, ಒಂದ್ಸಲ ಚಳಿ ಅಂತ ಟೀಮಿನವನೇ ಆದ ಲೂ ಜಾನ್ಸನ್ ಇವನ ಶರ್ಟ್ ಹಾಕ್ಕೊಂಡು ಮೈಯೆಲ್ಲ ಉರಿ ಎದ್ದು ಒದ್ದಾಡಿದ್ನಂತೆ. ಮ್ಯಾಚ್ ಮುಗಿದ ಮೇಲೆ ಉಲ್ಟಾ, ಮೊಣಕೈ ಐಸ್ ನೀರಲ್ಲಿ. ಮೊದಲು ಬೆಂಕಿ, ಆಮೇಲೆ ಐಸು, ಮೂರು-ನಾಲ್ಕು ದಿನ ಬಿಟ್ಟು ಮತ್ತೆ ಅದೇ.

ಇಂಥ ಕೈಯಲ್ಲೇ 1965ರ ಸೆಪ್ಟೆಂಬರ್ 9ಕ್ಕೆ ಶಿಕಾಗೋ ಕಬ್ಸ್ ಮೇಲೆ ಪರ್ಫೆಕ್ಟ್ ಗೇಮ್, ಬಂದ 27 ಜನಾನೂ ಔಟ್, ಒಬ್ಬನೂ ಬೇಸ್ ಮುಟ್ಟಲಿಲ್ಲ. ಆಮೇಲೆ ವರ್ಲ್ಡ್ ಸೀರೀಸ್ ಏಳನೇ ಮ್ಯಾಚು ಬರೀ ಎರಡು ದಿನದ ರೆಸ್ಟಲ್ಲಿ, ಕರ್ವ್‌ಬಾಲ್ ಸರಿಯಾಗಿ ಬೀಳ್ತಿಲ್ಲ, ಹೆಚ್ಚೂಕಮ್ಮಿ ಫಾಸ್ಟ್‌ಬಾಲ್ ಒಂದನ್ನೇ ಎಸೆದು ಮಿನೆಸೋಟಾನ 2-0 ಸೋಲಿಸಿದ. ಫ್ಯಾನ್‌ಗಳು ಇದನ್ನ ಕಣ್ಣರಳಿಸಿಕೊಂಡು ಹೇಳ್ತಾರೆ, ನೋವು ನುಂಗಿಕೊಂಡು ಆಡಿದ ವೀರ ಅಂತ. ನಂಗೆ ಅನ್ಸೋದು, ಆ ಕೈಗೆ ರೆಸ್ಟ್ ಕೊಡೋ ಬುದ್ಧಿ ಮ್ಯಾನೇಜ್‌ಮೆಂಟಲ್ಲಿ ಒಬ್ಬರಿಗಾದ್ರೂ ಬೇಡ್ವಾ? 1966ರಲ್ಲಿ ಮತ್ತೆ 323 ಇನ್ನಿಂಗ್ಸ್ ಎಸೆಸಿದ್ರು. ಸಂಬಳ ಜಾಸ್ತಿ ಮಾಡಿ ಅಂತ ಅದೇ ಟೀಮಿನ ಇನ್ನೊಬ್ಬ ಪಿಚರ್ ಡ್ರೈಸ್‌ಡೇಲ್ ಜೊತೆ ಸೇರಿ ಹಠ ಹಿಡಿದು ಕೂತು 1,25,000 ಡಾಲರ್ ತಗೊಂಡಿದ್ದ, ಅದಕ್ಕೂ ಆಗ ದುರಾಸೆ ಅಂತ ಬೈದವರಿದ್ರು!

ಆದ್ರೆ ಇವನು ಒಳಗೊಳಗೇ ಲೆಕ್ಕ ಹಾಕಿಬಿಟ್ಟಿದ್ದ. ಫಿಲ್ ಕಾಲಿಯರ್ ಅಂತ ಒಬ್ಬ ಪತ್ರಕರ್ತ, ಫ್ರೆಂಡು, ಅವನ ಹತ್ರ ಒಂದು ವರ್ಷ ಮುಂಚೇನೇ 66 ನನ್ನ ಕೊನೇ ಸೀಸನ್ನು ಅಂತ ಹೇಳಿದ್ದ, ಆ ಪುಣ್ಯಾತ್ಮ ವರ್ಷ ಪೂರ್ತಿ ಬಾಯಿ ಬಿಡಲಿಲ್ಲ. ಈಗಿನ ಕಾಲದಲ್ಲಾಗಿದ್ರೆ ಐದೇ ನಿಮಿಷಕ್ಕೆ ಬ್ರೇಕಿಂಗ್ ನ್ಯೂಸ್. ಆ ಕೊನೇ ಸೀಸನ್ ಹೆಂಗಿತ್ತು ಅಂದ್ರೆ 27 ಗೆಲುವು, 1.73 ಇಆರ್‌ಎ (ಒಂಬತ್ತು ಇನ್ನಿಂಗ್ಸಿಗೆ ಪಿಚರ್ ಕೊಡೋ ಸರಾಸರಿ ರನ್, ಕಮ್ಮಿ ಇದ್ದಷ್ಟೂ ಒಳ್ಳೇದು), ಅವನ ಇಡೀ ಕರಿಯರ್‌ನಲ್ಲೇ ಬೆಸ್ಟು. ನವೆಂಬರ್ 18ಕ್ಕೆ ಪ್ರೆಸ್ ಕರೆದು ಬಿಟ್ಟೆ ಅಂದ, ಇನ್ನೂ ತುಂಬಾ ವರ್ಷ ಬದುಕೋದಿದೆ, ಮೈಕೈ ಪೂರ್ತಿ ಸರಿಯಿಟ್ಕೊಂಡು ಬದುಕ್ಬೇಕು ಅನ್ನೋ ಅರ್ಥದಲ್ಲಿ ಮಾತಾಡಿದ. ಮೂವತ್ತೊಂದಕ್ಕೆ ಇನ್ನೂ ಆರು ವಾರ ಬಾಕಿ ಇತ್ತು. ಅಷ್ಟು ದುಡ್ಡು, ಅಷ್ಟು ಹೆಸರು ಇರೋವಾಗ, ಡಾಕ್ಟರ್ ಹೇಳಿದ್ದನ್ನ ನಿಜವಾಗ್ಲೂ ಕೇಳಿದನಲ್ಲ, ನಂಗೆ ಪರ್ಫೆಕ್ಟ್ ಗೇಮ್‌ಗಿಂತ ಅದೇ ದೊಡ್ಡದು ಅನ್ಸುತ್ತೆ. 36ಕ್ಕೇ ಹಾಲ್ ಆಫ್ ಫೇಮ್‌ಗೆ (ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿ) ಆರಿಸಿದ್ರು, ಇದನ್ನ ಬರೆಯೋ ಹೊತ್ತಿಗೆ (2024) 88 ವರ್ಷ, ಆರಾಮಾಗಿದಾನೆ.

ಅವನ ಕೊನೇ ಮ್ಯಾಚನ್ನ ಮಾತ್ರ ಯಾರೂ ಜಾಸ್ತಿ ನೆನೆಸ್ಕೊಳ್ಳಲ್ಲ. 1966 ಅಕ್ಟೋಬರ್ 6, ವರ್ಲ್ಡ್ ಸೀರೀಸ್ ಎರಡನೇ ಮ್ಯಾಚು, ಫೀಲ್ಡರ್ ವಿಲ್ಲಿ ಡೇವಿಸ್ ಒಂದೇ ಇನ್ನಿಂಗ್ಸಲ್ಲಿ ಮೂರು ಎರರ್ (ಫೀಲ್ಡಿಂಗ್ ತಪ್ಪು) ಮಾಡಿದ, ಬಾಲ್ಟಿಮೋರ್ ಜೊತೆ 6-0 ಸೋಲು. ಎದುರುಗಡೆ ಎಸೆದು ಗೆದ್ದವನು ಜಿಮ್ ಪಾಮರ್, ಇಪ್ಪತ್ತು ವರ್ಷದ ಹುಡುಗ. ಮುಂದಿನ ವರ್ಷ ಅವನ ಕೈಯೂ ಕೆಟ್ಟು ಹೋಯ್ತು, 1968ರಲ್ಲಂತೂ ಮೇಜರ್ ಲೀಗಲ್ಲಿ ಒಂದು ಮ್ಯಾಚೂ ಆಡಲಿಲ್ಲ, ಮುಗೀತು ಅನ್ಕೊಂಡಿದ್ರು ಎಲ್ಲ. 69ರಲ್ಲಿ ವಾಪಸ್ ಬಂದ, ಒಟ್ಟು 268 ಗೆದ್ದ.