ಟೈರಿನ ಅಳತೆಯೂ ಮೈಲೇಜಿನ ಲೆಕ್ಕವೂ

ಪುಣೆಯಲ್ಲಿ ನಮ್ಮದೇ ಸೊಸೈಟಿಯಲ್ಲಿರುವ ಧಾರವಾಡದ ಮಿತ್ರರೊಬ್ಬರು ತಮ್ಮ ಆಲ್ಟೊ ಕೆ10 ಕಾರಿನ ಟೈರುಗಳು ಸವೆದಾಗ, ಕಂಪನಿ ಕೊಟ್ಟಿದ್ದ 145/80 ಆರ್13 ಅಳತೆಯನ್ನು ಬಿಟ್ಟು 155/80 ಆರ್13 ಹಾಕಿಸಿದರು. ರಿಮ್ ಬದಲಿಸುವ ಖರ್ಚಿಲ್ಲ, ರಸ್ತೆಯುಬ್ಬುಗಳಿಗೆ ಕಾರಿನ ತಳ ತಾಗುವುದೂ ತುಸು ತಪ್ಪುತ್ತದೆ ಎಂಬುದು ಅವರ ಎಣಿಕೆಯಾಗಿತ್ತು. ಆದರೆ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದಾಗ, ಲೀಟರಿಗೆ 20 ಕಿ.ಮೀ. ಇದ್ದ ಮೈಲೇಜು 19ಕ್ಕೆ ಇಳಿದಿತ್ತು. "ದಪ್ಪ ಟೈರು ಪೆಟ್ರೋಲ್ ಕುಡೀತದ ನೋಡ್ರಿ" ಎಂದು ಅವರು ತೀರ್ಪು ಕೊಟ್ಟುಬಿಟ್ಟರು. ತೀರ್ಪಿಗೆ ಮುನ್ನ, ಓಡಿದ ದೂರ ತೋರಿಸುವ ಓಡೋಮೀಟರನ್ನೂ ಒಮ್ಮೆ ವಿಚಾರಿಸಬೇಕಿತ್ತು ಎಂಬುದು ನನ್ನ ವಾದ.

145 ಎಂಬುದು ಮಿ.ಮೀ.ಗಳಲ್ಲಿ ಟೈರಿನ ಅಗಲ. ಅದರ ಶೇಕಡಾ 80 ಎಂದರೆ 116 ಮಿ.ಮೀ.; ಇದು ರಿಮ್ಮಿನಿಂದ ಹೊರಗಿನ ರಬ್ಬರಿನ ಎತ್ತರ. ಮೇಲೆ ಕೆಳಗೆ ಸೇರಿ 232, ಜೊತೆಗೆ 13 ಇಂಚಿನ ರಿಮ್ಮಿನ 330. ಒಟ್ಟು ವ್ಯಾಸ 562 ಮಿ.ಮೀ. ಇದೇ ಲೆಕ್ಕದಲ್ಲಿ ಹೊಸ ಟೈರಿನ ವ್ಯಾಸ 578 ಆಗುತ್ತದೆ. ಓಡೋಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನಾದ್ದರಿಂದ, ಅದು 100 ಕಿ.ಮೀ. ತೋರಿಸುವಷ್ಟರಲ್ಲಿ ಕಾರು ಮೊದಲಿಗಿಂತ 2.8 ಕಿ.ಮೀ. ಹೆಚ್ಚು ಓಡಿರುತ್ತದೆ. ಅಂದಮೇಲೆ ಮಿತ್ರರ 19 ವಾಸ್ತವವಾಗಿ ಹತ್ತೊಂಬತ್ತೂವರೆ. ಉಳಿದ ಅರ್ಧವನ್ನೂ ಪೂರ್ತಿಯಾಗಿ ಅಗಲದ ತಲೆಗೆ ಕಟ್ಟುವಂತಿಲ್ಲ. ಏಕೆಂದರೆ ಹೊಸ ಟೈರಿನ ಹೂವಿನ (ಮೈಮೇಲಿನ ಗೀರುಗಳ) ಆಳ ಸುಮಾರು 7-8 ಮಿ.ಮೀ. ಇದ್ದರೆ, ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿ.ಮೀ.; ಸವೆದ ಟೈರಿನ ವ್ಯಾಸ ಹೆಚ್ಚೂಕಡಿಮೆ 12 ಮಿ.ಮೀ. ಕುಗ್ಗಿ, ಓಡೋಮೀಟರ್ ದೂರವನ್ನು ಹಿಗ್ಗಿಸಿ ತೋರಿಸುತ್ತಿರುತ್ತದೆ. ಸವೆದ ತೆಳು ರಬ್ಬರು ಉರುಳುವುದೂ ಹಗುರ. ಅದೇ ಅಳತೆಯ ಹೊಸ ಟೈರು ಹಾಕಿಸಿದವರೂ ಮೈಲೇಜು ಬಿತ್ತೆಂದು ದೂರುವುದು ಇದರಿಂದಲೇ.

ಹಾಗೆಂದು ಅಳತೆಗೆ ಬೆಲೆಯೇ ಇಲ್ಲವೆಂದಲ್ಲ. ಪ್ರತಿ ಸುತ್ತಿನಲ್ಲೂ ರಬ್ಬರು ಮಣಿದು ಮತ್ತೆ ನೆಟ್ಟಗಾಗುವಾಗ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಹಿಂಜೆವಾಡಿಯ ಸಂಜೆಯ ಟ್ರಾಫಿಕ್ಕಿನಲ್ಲಿ ಹತ್ತು ಮಾರಿಗೊಮ್ಮೆ ಬ್ರೇಕ್ ಒತ್ತಿ ಮತ್ತೆ ಮೊದಲ ಗೇರಿನಿಂದ ಎಳೆಯುವಾಗ ಚಕ್ರದ ಹೆಚ್ಚಿನ ತೂಕ, ವ್ಯಾಸಗಳೆರಡೂ ಚಿಕ್ಕ ಎಂಜಿನ್ನಿಗೆ ಹೊರೆಯೇ. ಮುಂಬೈ-ಪುಣೆ ಎಕ್ಸ್‌ಪ್ರೆಸ್ ವೇನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ದೊಡ್ಡ ವ್ಯಾಸದಿಂದ ಎಂಜಿನ್ನಿನ ಸುತ್ತು ಕೊಂಚ ತಗ್ಗಿ ಅನುಕೂಲವಾಗಬಹುದು. ಖಂಡಾಲಾ ಘಾಟಿನ ಏರಿನಲ್ಲಿ ಗೇರು ಇಳಿಸಬೇಕಾಗಿ ಬಂದರೆ ಆ ಲಾಭವೂ ಕರಗುತ್ತದೆ. ನಗರದಲ್ಲೇ ಹೆಚ್ಚು ಓಡುವ ಚಿಕ್ಕ ಕಾರಿಗೆ ಮೂಲ ಅಳತೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ವಿಚಿತ್ರವೆಂದರೆ, ಅಳತೆಯ ಬಗ್ಗೆ ಇಷ್ಟು ಚರ್ಚಿಸುವವರು ಗಾಳಿಯ ಒತ್ತಡವನ್ನು ತಿಂಗಳುಗಟ್ಟಲೆ ನೋಡಿರುವುದಿಲ್ಲ. ಗಾಳಿ ಕಡಿಮೆಯಾದರೆ ಸರಿಯಾದ ಅಳತೆಯ ಟೈರೂ ಹೆಚ್ಚು ಮಣಿದು ಪೆಟ್ರೋಲ್ ತಿನ್ನುತ್ತದೆ. ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲೇ ಇರುತ್ತದೆ. ಟೈರಿನ ಮೈಮೇಲೆ ಅಚ್ಚಾದ ಗರಿಷ್ಠ ಒತ್ತಡವನ್ನು ಅದೆಂದು ತಿಳಿಯಬಾರದು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಧಾರವಾಡಕ್ಕೆ ಹೊರಡುವವರು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ಹೊಡೆಸಿಕೊಳ್ಳಬೇಕು. ಖಂಬಾಟ್ಕಿ ಘಾಟ್ ದಾಟಿ ಸಾತಾರಾದಲ್ಲಿ ನಿಂತು ನೋಡಿದರೆ ಬಿಸಿಗೆ ಒತ್ತಡ ಏರಿರುತ್ತದೆ. ಅದನ್ನು ಕಂಡು ಗಾಳಿ ಬಿಡಿಸಬಾರದು.